ಹುಲಿಗೆ ಹಟ್ಟಿ ಕಟ್ಟುವ ಕುರಿಗಳು

ಈ ಮಾತು ಕೇಳಲು ಕೂರುವ ಮುಂಚೆ ಕೇಳುಗರು ಒಂದು ಚೂರು ಇದ್ದಿಲನ್ನೋ ಸೀಮೆಸುಣ್ಣವನ್ನೋ ಕೈಗೆ ತೆಗೆದುಕೊಂಡರೆ ಒಳ್ಳೆಯದು. ಜೊತೆಗೆ ಹದಿನೈದು ಹುಣಸೆಬೀಜ, ಮೂರು ಕಲ್ಲು. ಇಷ್ಟೇ ಬಂಡವಾಳ. ಹುಣಸೆಬೀಜ ಕುರಿ, ಕಲ್ಲು ಹುಲಿ. ಆಡುವವರು ಇಬ್ಬರು.

ಹುಲಿ-ಕುರಿ ಆಟ, ಆಡು-ಹುಲಿ ಆಟ ಎಂದು ಕನ್ನಡ ನಾಡಿನ ತುಂಬ ಹೆಸರಿರುವ ಆಟ ಇದು. ಮೊಳಕಾಲ್ಮುರಿನ ಗಡಿಯಾಚೆ, ರಾಯದುರ್ಗದ ಕಡೆಯ ತೆಲುಗಿನಲ್ಲಿ ಪುಲಿ-ಮೇಕ. ತಮಿಳಿನಲ್ಲಿ ಆಡು ಪುಲಿ ಆಟ್ಟಂ. ಚಳ್ಳಕೆರೆಯಿಂದ ತಳಕು, ಬಿ.ಜಿ. ಕೆರೆ ದಾಟಿ ಮೊಳಕಾಲ್ಮುರಿನತ್ತ ಹೋಗುವವರಿಗೆ ಈ ಆಟ ಯಾಕೆ ಈ ಸೀಮೆಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಯಾರೂ ವಿವರಿಸಬೇಕಿಲ್ಲ. ಮಳೆ ಕಡಿಮೆಯ ನೆಲ, ಶೇಂಗಾದ ಹೊಲ, ಬೋಳು ಬಂಡೆಯ ಗುಡ್ಡ, ನಡುವೆ ಕುರಿಮಂದೆ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾದರೆ ಚಳ್ಳಕೆರೆ ಎಣ್ಣೆ ಗಿರಣಿಗಳಿಗೂ ಕುರಿಯುಣ್ಣೆಯ ಕಂಬಳಿಗೂ ಹೆಸರಾದ ಊರು. ಇದೇ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಬರೆಸಿದ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಚಕ್ರವರ್ತಿಯ ಅಕ್ಷರ ಎರಡು ಸಾವಿರ ವರ್ಷ ದಾಟಿ ಉಳಿಯಿತು. ಕುರಿ ಕಾಯುವವರು ಬಂಡೆಯ ಮೇಲೆ ಇದ್ದಿಲಲ್ಲಿ ಎಳೆಯುವ ಗೆರೆ ಮುಂದಿನ ಮಳೆಯವರೆಗೆ. ಮತ್ತೆ ಎಳೆದರಾಯಿತು.

ಗೆರೆ ಎಳೆಯುವುದು ಹೀಗೆ. ಮೇಲೊಂದು ಚುಕ್ಕೆ ಇಡಬೇಕು, ಅದು ಶಿಖರ. ಅಲ್ಲಿಂದ ಬೀಸಣಿಗೆಯ ಕಡ್ಡಿಗಳಂತೆ ನಾಲ್ಕು ಗೆರೆ ಕೆಳಗಿಳಿಯಬೇಕು, ಅವು ಇಳಿಗೆರೆ. ಅವುಗಳ ಕೆಳತುದಿಗಳನ್ನು ಒಂದು ಗೆರೆಯಿಂದ ಸೇರಿಸಿದರೆ ಮುಕ್ಕೋನವಾಯಿತು; ಈ ಗೆರೆ ತಳ. ಈಗ ಶಿಖರಕ್ಕೂ ತಳಕ್ಕೂ ನಡುವೆ ಮೂರು ಅಡ್ಡಗೆರೆ: ಮೇಲ್ಗೆರೆ, ನಡುಗೆರೆ, ಕೆಳಗೆರೆ. ಇವು ಮೂರೂ ಮುಕ್ಕೋನದ ಎರಡೂ ಪಕ್ಕಕ್ಕೆ ಹೊರಚಾಚಿರಬೇಕು. ಹೊರಚಾಚಿದ ತುದಿಗಳನ್ನು ಎಡಕ್ಕೊಂದು ಬಲಕ್ಕೊಂದು ನೆಟ್ಟಗೆರೆಯಿಂದ ಮುಚ್ಚಿದರೆ ಅಂಕಣ ಮುಗಿಯಿತು. ಗೆರೆ ಗೆರೆ ಕೂಡುವ ಜಾಗವೆಲ್ಲ ಒಂದೊಂದು ಮನೆ. ಶಿಖರ ಒಂದು, ಅಡ್ಡಗೆರೆಗಳಲ್ಲಿ ಆರಾರರಂತೆ ಹದಿನೆಂಟು, ತಳದಲ್ಲಿ ನಾಲ್ಕು. ಒಟ್ಟು 23.

ಒಂದು ಹುಲಿ ಶಿಖರದಲ್ಲಿ, ಇನ್ನೆರಡು ಅದರ ಕೆಳಗೆ ಮೇಲ್ಗೆರೆಯ ನಡುವಿನ ಎರಡು ಮನೆಗಳಲ್ಲಿ ಕೂರುತ್ತವೆ. ಕುರಿಯವರು ಒಂದು ಸಲಕ್ಕೆ ಒಂದು ಬೀಜ, ಬೇಕಾದ ಖಾಲಿ ಮನೆಗೆ ಇಡುತ್ತಾರೆ. ಪ್ರತಿ ಬೀಜಕ್ಕೂ ಹುಲಿಯ ಒಂದು ನಡೆ. ಹುಲಿ ಗೆರೆ ಹಿಡಿದು ಪಕ್ಕದ ಮನೆಗೆ ಹೋಗಬಹುದು; ಇಲ್ಲವೇ ಪಕ್ಕದ ಕುರಿಯ ಆಚೆ, ಅದೇ ನೇರದಲ್ಲಿ ಮನೆ ಖಾಲಿ ಇದ್ದರೆ ಹಾರಿ ಕುರಿಯನ್ನು ಹೊಡೆಯಬಹುದು. ಎರಡು ಕುರಿ ಒಂದರ ಹಿಂದೊಂದು ನಿಂತಿದ್ದರೆ ಹಾರುವಂತಿಲ್ಲ. ಹದಿನೈದೂ ಬೀಜ ಇಳಿಯುವ ತನಕ ಯಾವ ಕುರಿಯೂ ಕದಲುವಂತಿಲ್ಲ. ಆಮೇಲೆ ಅವೂ ಒಂದೊಂದೇ ಮನೆ ನಡೆಯುತ್ತವೆ. ಹೊಡೆಯುವ ಹಕ್ಕು ಮಾತ್ರ ಅವುಗಳಿಗೆ ಎಂದೂ ಇಲ್ಲ. ಮೂರೂ ಹುಲಿಗಳನ್ನು ಅಲುಗಾಡದಂತೆ ಕಟ್ಟಿದರೆ ಕುರಿಯ ಗೆಲುವು. ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ ಎಂಬುದು ಊರಿಂದ ಊರಿಗೆ ಬೇರೆ. ಐದು ಎಂದು ಮೊದಲೇ ಮಾತಾಡಿಕೊಂಡರೆ ಜಗಳವಿಲ್ಲ.

ಹೊಸಬರು ಸೋಲುವುದು ಒಂದೇ ಕಾರಣಕ್ಕೆ. ಹುಲಿ ಕಂಡ ಕೂಡಲೇ ಅದರ ಮುಖಕ್ಕೆ ಕುರಿ ಇಡುತ್ತಾರೆ, ಅಡ್ಡ ಕಟ್ಟಿದೆವು ಎಂದುಕೊಳ್ಳುತ್ತಾರೆ. ಮೇಲ್ಗೆರೆಯ ಹುಲಿಯ ಕೆಳಗೇ, ನಡುಗೆರೆಯಲ್ಲಿ ಒಂದು ಬೀಜ ಇಟ್ಟು ನೋಡಿ. ಅದರ ಕೆಳಗಿನ ಮನೆ ಖಾಲಿ. ಮುಂದಿನ ನಡೆಯಲ್ಲಿ ಬೀಜ ಹುಲಿಯವರ ಕೈಯಲ್ಲಿರುತ್ತದೆ.

ಪಳಗಿದವರ ಕಣ್ಣು ಹುಲಿಯ ಮೇಲಿರುವುದಿಲ್ಲ, ನೆಲದ ಮೇಲಿರುತ್ತದೆ. ಅಂಕಣವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಹೊರಗಿನ ನಾಲ್ಕು ಮೂಲೆಗಳಲ್ಲಿ ಗೆರೆ ಮುಗಿದು ತಿರುಗುತ್ತದೆ. ನೇರ ಹಾರಲು ಆಚೆ ಮನೆಯೇ ಇಲ್ಲ. ತಳದ ಎರಡು ತುದಿಗಳಲ್ಲೂ ಹಾಗೆಯೇ. ಶಿಖರದಲ್ಲೂ ಅಷ್ಟೇ. ಅಂದರೆ 23ರಲ್ಲಿ ಏಳು ಮನೆಗಳಲ್ಲಿ ಕೂತ ಕುರಿಗೆ ಸಾವೇ ಇಲ್ಲ. ಆಟದ ಗುಟ್ಟು ಶುರುವಾಗುವುದು ಇಲ್ಲಿಂದ. ಮೊದಲ ಬೀಜ ಕೆಳಗೆರೆಯ ಎಡ ಮೂಲೆಗೆ. ಎರಡನೆಯದು ತಳದ ಎಡ ತುದಿಗೆ. ಈಗ ಇವೆರಡರ ಪಕ್ಕದ ಮನೆ, ಅಂದರೆ ಮೊದಲ ಇಳಿಗೆರೆ ಕೆಳಗೆರೆಯನ್ನು ಮುಟ್ಟುವ ಜಾಗ ನೋಡಿ. ಅಲ್ಲಿ ಕೂತ ಕುರಿಯನ್ನು ಅಡ್ಡ ಹಾರಿ ಹೊಡೆಯೋಣವೆಂದರೆ ಮೂಲೆಯಲ್ಲಿ ಕುರಿ ಇದೆ. ಮೇಲಿಂದ ಕೆಳಕ್ಕೆ ಹಾರೋಣವೆಂದರೆ ತಳದಲ್ಲಿ ಕುರಿ ಇದೆ. ಹೀಗೆ ಸಾವಿಲ್ಲದ ಎರಡು ಕುರಿ ಸೇರಿ ಮೂರನೆಯದಕ್ಕೂ ಸಾವಿಲ್ಲದಂತೆ ಮಾಡಿದವು. ಆ ಮೂರರ ಬೆನ್ನಿಗೆ ತಳದ ಎರಡನೇ ಮನೆ, ಆಮೇಲೆ ಕೆಳಗೆರೆಯ ಮುಂದಿನ ಮನೆ, ಆಮೇಲೆ ನಡುಗೆರೆಯ ಎಡ ತುದಿ. ಮೂಲೆಯಲ್ಲಿ ಹಿಡಿದ ಒಂದು ಅಂಗುಲ ನೆಲ ಒಂದೊಂದೇ ಮನೆಯಾಗಿ ಬೆಳೆಯುತ್ತದೆ, ಯಾವ ಹುಲಿಯೂ ಒಳಗೆ ಕಾಲಿಡಲಾಗದ ನೆಲವಾಗಿ.

ಕುರಿ ಸಾಕುವವರಿಗೆ ಈ ಲೆಕ್ಕ ಹೊಸದಲ್ಲ. ಕಾಡುಗೊಲ್ಲರ ಹಟ್ಟಿಗಳಿಗೆ ಕಾರೆಮುಳ್ಳಿನ ಬೇಲಿ ಇರುತ್ತಿತ್ತು, ಕುರಿಗಳಿಗೆ ಒಳಗೆ ಬೇರೆ ರೊಪ್ಪ. ಈ ಬಯಲಿನಲ್ಲಿ ಕುರಿಗೆ ನಿಜವಾದ ಕಾಟ ತೋಳದ್ದು, ಚಿರತೆಯದ್ದು. ಆಟಕ್ಕೆ ಮಾತ್ರ ಹುಲಿಯೇ ಬೇಕು. ತೋಳವನ್ನು ಅಟ್ಟಿಸಿಕೊಂಡು ಹೋಗಿ ಮಂದೆ ಉಳಿಸಿದವರು ಕಡಿಮೆ. ಉಳಿಸುವುದು ಬೇಲಿ. ಬೇಲಿಯಲ್ಲಿ ಒಂದು ಕಂಡಿ ಬಿಟ್ಟರೂ ರಾತ್ರಿ ಅದೇ ಬಾಗಿಲು.

ಹುಲಿಯ ಕಡೆಯವರೂ ಸುಮ್ಮನೆ ಕೂರುವವರಲ್ಲ. ಕುರಿಗಳು ಹಿಡಿಯಬೇಕೆಂದ ಮೂಲೆಗೇ ಒಂದು ಹುಲಿ ತಂದು ಕೂರಿಸಿದರೆ? ಬೇಲಿ ಕೆಡುತ್ತದೆ ನಿಜ. ಆದರೆ ಮೂಲೆಯಿಂದ ಹೊರಡುವ ದಾರಿ ಎರಡೇ. ಆ ಎರಡು ಮನೆ, ಅವುಗಳ ಆಚೆಯ ಎರಡು ಮನೆ, ಒಟ್ಟು ನಾಲ್ಕು ಕುರಿ ಇದ್ದರೆ ಹುಲಿ ಅಲ್ಲೇ ಕಟ್ಟಿಬೀಳುತ್ತದೆ. ಶಿಖರದಲ್ಲಿರುವ ಹುಲಿಯನ್ನು ಕಟ್ಟಲು ಅದೇ ಲೆಕ್ಕದಲ್ಲಿ ಎಂಟು ಕುರಿ ಬೇಕು. ಹದಿನೈದರಲ್ಲಿ ಎಂಟು ಅಂದರೆ ಅರ್ಧಕ್ಕಿಂತ ಹೆಚ್ಚು ಮಂದೆ ಒಂದೇ ಹುಲಿಗೆ ಖರ್ಚಾದ ಹಾಗೆ. ಆದ್ದರಿಂದ ಹುಲಿ ನಡುವಲ್ಲಿ ಓಡಾಡಿಕೊಂಡಿರಬೇಕು. ಮೂಲೆಗೆ ಹೋದರೂ ಕುರಿಯ ಕೆಲಸ ಕೆಡಿಸಿ ಕೂಡಲೇ ಹೊರಬರಬೇಕು.

ನಿಜವಾದ ಪೇಚು ಹದಿನೈದನೇ ಬೀಜ ಇಳಿದ ಮೇಲೆ. ಕುರಿಯವರು ಅಚ್ಚುಕಟ್ಟಾಗಿ ಕಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ: ತಳದಲ್ಲಿ ನಾಲ್ಕು, ಕೆಳಗೆರೆಯಲ್ಲಿ ಆರು, ನಡುಗೆರೆಯಲ್ಲಿ ಐದು. ಒಂದು ಕುರಿಯೂ ಸತ್ತಿಲ್ಲ. ಹುಲಿಗಳಿಗೆ ಉಳಿದದ್ದು ಮೇಲಿನ ಏಳು ಮನೆ ಮತ್ತು ನಡುಗೆರೆಯಲ್ಲಿ ಖಾಲಿ ಉಳಿದ ಒಂದು ಮನೆ. ಯಾವ ಕುರಿಯನ್ನೂ ಹೊಡೆಯಲು ಆಗುವುದಿಲ್ಲ. ಆದರೆ ಕುರಿಯ ಸರದಿ ಬಂದಾಗ ಅದು ನಡೆಯಲೇಬೇಕು, ನಿಲ್ಲುತ್ತೇನೆ ಎನ್ನುವಂತಿಲ್ಲ. ಆ ಖಾಲಿ ಮನೆಗೆ ಪಕ್ಕದ ಕುರಿ ಸರಿದರೆ ಖಾಲಿ ಜಾಗ ಒಂದು ಮನೆ ಈಚೆಗೆ ಬರುತ್ತದೆ, ಬೇಲಿಗೆ ಏನೂ ಆಗುವುದಿಲ್ಲ. ಚುರುಕಾದ ಹುಲಿ ಆಗ ಆ ಖಾಲಿ ಮನೆಯಲ್ಲೇ ಹೋಗಿ ಕೂರುತ್ತದೆ. ಕುರಿಗೆ ಈಗ ಹಿಂದೆ ಜಾಗವಿಲ್ಲ, ಪಕ್ಕದಲ್ಲಿಲ್ಲ, ಮೇಲ್ಗೆರೆಗೆ ಹತ್ತಲೇಬೇಕು. ನಡುವಿನ ಯಾವುದೋ ಕುರಿ ಹತ್ತಿದರೆ ಅದರ ಬೆನ್ನ ಹಿಂದಿನ ಮನೆ ಖಾಲಿಯಾಗುತ್ತದೆ, ಶಿಖರದ ಹುಲಿ ಕಾಯುತ್ತಿರುವುದೇ ಅದಕ್ಕೆ. ಬಲ್ಲವರು ನಡುಗೆರೆಯ ತುದಿಯ ಕುರಿಯನ್ನು ಮೇಲಿನ ಮೂಲೆಗೆ ಹತ್ತಿಸುತ್ತಾರೆ. ಮೂಲೆ ಸಾವಿಲ್ಲದ ಮನೆ. ಮುಂದಿನ ಸಲ ಕೆಳಗಿಳಿದರಾಯಿತು. ನಡುಗೆರೆಯಲ್ಲಿ ಕೂತ ಹುಲಿ ಆ ತುದಿಗೆ ಹತ್ತಿರ ಇರಬಾರದು, ಅಷ್ಟು ನೋಡಿಕೊಳ್ಳಬೇಕು. ಇದ್ದರೆ ಇನ್ನೊಂದು ತುದಿಯ ಕುರಿ ಈ ಕೆಲಸಕ್ಕೆ. ಹತ್ತಿ ಇಳಿಯುವ ಈ ಒಂದು ಕುರಿ ಇಡೀ ಮಂದೆಯ ಉಸಿರು ಹಿಡಿದಿರುತ್ತದೆ. ಇದನ್ನು ಮೊದಲ ಬಾರಿ ಕಂಡುಕೊಂಡ ಮಗುವಿನ ಮುಖ ನೋಡಬೇಕು.

ನೆಲ ಕಟ್ಟುವ ಆಟಗಳಲ್ಲಿ ಜಗತ್ತಿನ ದೊಡ್ಡ ಹೆಸರು ಗೋ. ಚೀನಾದಲ್ಲಿ ಹುಟ್ಟಿ ಜಪಾನು, ಕೊರಿಯಾಗಳಲ್ಲಿ ಬೆಳೆದದ್ದು. ಅಂಕಣದಲ್ಲಿ 19 ಗೆರೆಗೆ 19 ಗೆರೆ, 361 ಮನೆ. ಅಲ್ಲಿಯೂ ಕಲಿಸುವವರು ಮೊದಲು ಹೇಳುವುದು ಮೂಲೆ ಹಿಡಿ, ಆಮೇಲೆ ಅಂಚು, ನಡು ಕೊನೆಗೆ ಎಂದು. 2016ರಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ಲೀ ಸೆಡೊಲ್ ಅವರನ್ನು ಐದು ಆಟಗಳಲ್ಲಿ ನಾಲ್ಕರಲ್ಲಿ ಸೋಲಿಸಿದಾಗ ಜಗತ್ತು ಬೆರಗಾಯಿತು. ನಮ್ಮ ಆಟದ ನೇಪಾಳದ ನೆಂಟ ಬಾಘ್‌ಚಾಲ್‌ಗೂ ಕಂಪ್ಯೂಟರು ಕೈ ಹಾಕಿದೆ. ಅಲ್ಲಿ 25 ಮನೆ, ನಾಲ್ಕು ಹುಲಿ, 20 ಆಡು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್‌ಗೆಲ್ಟ್ ಎಂಬ ಗಣಕ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದು: ಎರಡೂ ಕಡೆಯವರು ತಪ್ಪೇ ಮಾಡದೆ ಆಡಿದರೆ ಆಟ ಸಮ. ಹುಲಿಗೆ ಹಲ್ಲಿದೆ, ಆಡಿಗೆ ಸಂಖ್ಯೆಯಿದೆ. ಹೆಸರಿಲ್ಲದ ಹಳ್ಳಿಗರು ತಕ್ಕಡಿಯನ್ನು ಅಷ್ಟು ಸರಿಯಾಗಿ ತೂಗಿಟ್ಟಿದ್ದರು.

ಹಂಪಿಯ ಮಂಟಪಗಳ ನೆಲಗಲ್ಲುಗಳಲ್ಲಿ ಇಂಥ ಆಟದ ಅಂಕಣಗಳನ್ನು ಕೊರೆದಿರುವುದನ್ನು ಇಂದಿಗೂ ನೋಡಬಹುದು. ಕೊರೆದದ್ದು ಯಾವ ಕಾಲ ಎಂದು ಮಂಟಪದ ವಯಸ್ಸಿನಿಂದ ಹೇಳಲಾಗದು. ಕಟ್ಟಿದವರು ಬೇರೆ, ಕೂತು ಆಡಿದವರು ಬೇರೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆ ಆಟಗಳಿಗೆ ಅರಮನೆಯಲ್ಲೇ ಜಾಗ ಕೊಟ್ಟವರು. ಬಯಲುಸೀಮೆಯ ಕುರಿಗಾಹಿಗೆ ಅರಮನೆ ಬೇಕಿರಲಿಲ್ಲ, ಕಾವಲು ಸಾಕಾಗಿತ್ತು.

ಕಾವಲು ಎಂದಾಗ ಚಳ್ಳಕೆರೆಯವರ ಮನಸ್ಸಿನಲ್ಲಿ ಬೇರೊಂದು ನೆನಪು ಏಳುತ್ತದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆಂದು ಮೀಸಲಿದ್ದ ಹುಲ್ಲುಗಾವಲಿನಲ್ಲಿ, 2010ರ ಆಸುಪಾಸಿನಲ್ಲಿ ಸುಮಾರು 10,000 ಎಕರೆಯನ್ನು ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ, ಡಿ.ಆರ್.ಡಿ.ಓ., ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವುಗಳಿಗೆ ನೀಡಲಾಯಿತು. ಗೋಡೆಗಳು ಎದ್ದವು. ದೇಶಕ್ಕೆ ಆ ಸಂಸ್ಥೆಗಳು ಬೇಕು. ಆದರೆ ಮಂದೆ ಬಿಟ್ಟುಕೊಂಡು ಹೊರಟವರಿಗೆ ತಿರುಗುವ ನೆಲ ಕಿರಿದಾಯಿತು ಎಂಬುದೂ ಅಷ್ಟೇ ನಿಜ, ಅದನ್ನು ಹೇಳದೆ ಬಿಡುವುದು ಸರಿಯಲ್ಲ.

ಆಟಕ್ಕೆ ಮರಳೋಣ. ಕೊನೆಯ ಹುಲಿ ಕಟ್ಟಿಬಿದ್ದಾಗ ಯಾರೂ ಅದನ್ನು ಅಂಕಣದಿಂದ ಎತ್ತುವುದಿಲ್ಲ. ಎದುರಾಳಿ ಒಂದೊಂದು ಗೆರೆಯನ್ನೂ ಬೆರಳಲ್ಲಿ ತಡವಿ, ಹಾರುವ ದಾರಿ ಉಳಿದಿದೆಯೇ ಎಂದು ನೋಡುತ್ತಾನೆ. ಎಡಕ್ಕೆ ಎರಡು ಕುರಿ. ಮೇಲೆ ಎರಡು. ಕೆಳಗೆ ಎರಡು. ಬಲಕ್ಕೆ ಒಂದು ಕುರಿ, ಅದರ ಆಚೆ ತನ್ನದೇ ಇನ್ನೊಂದು ಹುಲಿ. ‘ಕಟ್ಟಿತು’ ಎಂದು ಒಪ್ಪಿಕೊಂಡು ಬೀಜಗಳನ್ನು ಗುಡಿಸಿ ಆಚೆ ಕಡೆಗೆ ತಳ್ಳುತ್ತಾನೆ, ಕಲ್ಲುಗಳನ್ನು ಈಚೆಗೆ ಕೊಡುತ್ತಾನೆ. ಮುಂದಿನ ಆಟದಲ್ಲಿ ಅವನದು ಕುರಿ.