ಹಣೆಬರಕ್ಕೆ ನಂಬರು

ನಾನು ಹರಪನಹಳ್ಳಿ ತಾಲ್ಲೂಕಿನ ಬಾಗಳಿಯವನು. ಕನ್ನಡ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಾತುಗಳ ಹಿಂದೆ ಬಿದ್ದು ಬಹಳ ವರ್ಷಗಳಾದವು. ಅದರಲ್ಲೂ ಸರ್ಕಾರದ ಮಾತುಗಳು, ಕಾನೂನಿನ ಮಾತುಗಳು, ಸಂವಿಧಾನದ ಮಾತುಗಳು. ಇವು ಎಲ್ಲಿಂದ ಬಂದವು, ನಮ್ಮ ಬಾಯಿಗೆ ಹೇಗೆ ಹತ್ತಿದವು ಅನ್ನುವುದನ್ನು ಇವತ್ತು ನಿಮ್ಮ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡಿದ ಹಾಗೆ ಮಾತಾಡಬೇಕು ಅಂತ ಬಂದಿದ್ದೇನೆ.

ಇದಕ್ಕೆ ಕಾರಣ ನಮ್ಮ ಓಣಿಯ ಒಬ್ಬ ಅಕ್ಕ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮಗಳಿಗೆ ಕಾಲೇಜಿನ ಸೀಟು ಸಿಕ್ಕಿತ್ತು. ಯಾವುದರಲ್ಲಿ ಸಿಕ್ಕಿತು ಅಂತ ಕೇಳಿದವರಿಗೆಲ್ಲ ಆಕೆ 'ಮುನ್ನೂರ ಎಪ್ಪತ್ತೊಂದು ಜೆ' ಅಂತ ಗಟ್ಟಿಯಾಗಿ ಹೇಳುತ್ತಿದ್ದರು. ನಮ್ಮ ತಾಲ್ಲೂಕಿನಲ್ಲಿ ಈ ನಂಬರು ಗೊತ್ತಿಲ್ಲದವರು ಕಡಿಮೆ. 1997ರಲ್ಲಿ ನಮ್ಮನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರು. ಆಮೇಲೆ ಸಂವಿಧಾನಕ್ಕೆ 98ನೇ ತಿದ್ದುಪಡಿಯಿಂದ ಈ 371 ಜೆ ವಿಧಿ ಸೇರಿ, ಬಳ್ಳಾರಿಯೂ ಸೇರಿದ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಸಿಕ್ಕಾಗ ನಾವು ಗೆರೆಯ ಆಚೆ ಉಳಿದೆವು. ಹೋರಾಟ ಮಾಡಿಯೇ ಒಳಗೆ ಬಂದೆವು. ಸಂವಿಧಾನದ ಒಂದು ವಿಧಿಯನ್ನು ಬೀದಿಯಲ್ಲಿ ಕೂಗಿ ಕೂಗಿ ಬಾಯಿಪಾಠ ಮಾಡಿದ ತಾಲ್ಲೂಕು ನಮ್ಮದು.

ಒಂದು ಸಂಜೆ ಆ ಅಕ್ಕ ಅಂಗಳದಲ್ಲಿ ಒಣಹಾಕಿದ್ದ ಮೆಕ್ಕೆಜೋಳ ರಾಶಿ ಮಾಡುತ್ತಾ ನನ್ನನ್ನು ಕರೆದು ಕೇಳಿದರು: "ಮೇಷ್ಟ್ರೆ, ವಿಧಿ ಅಂದ್ರೆ ಹಣೆಬರ ಅಲ್ಲೇನ್ರಿ? ಹಣೆಬರಕ್ಕೆ ನಂಬರು ಯಾಕ್ ಹಾಕ್ಯಾರೆ?"

ಇಷ್ಟು ವರ್ಷ ಪಾಠ ಮಾಡಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಉತ್ತರ ಹೇಳಲು ನಾನು ಆಕೆಯನ್ನು ನಮ್ಮೂರ ಕಲ್ಲೇಶ್ವರ ಗುಡಿಗೇ ಕರೆದುಕೊಂಡು ಹೋಗಬೇಕಾಯಿತು.

ಗುಡಿ ರಾಷ್ಟ್ರಕೂಟರ ಕಾಲದಲ್ಲಿ ಶುರುವಾಗಿ ಚಾಲುಕ್ಯರ ಕಾಲದಲ್ಲಿ ಬೆಳೆದದ್ದು. 987ರಲ್ಲಿ, ಇಮ್ಮಡಿ ತೈಲಪನ ಆಳ್ವಿಕೆಯಲ್ಲಿ, ದುಗ್ಗಿಮಯ್ಯ ಎಂಬಾತ ಪ್ರತಿಷ್ಠೆ ಮಾಡಿಸಿದ. ಊರಿನ ಹೆಸರು ಆಗ ಬಾಳ್ಗುಳಿ. ಇಲ್ಲಿ ಮೂವತ್ತಕ್ಕೂ ಹೆಚ್ಚು ಶಾಸನಗಳಿವೆ. ನಡುಮಧ್ಯಾಹ್ನ ನೋಡಿದರೆ ಬರೀ ಕಲ್ಲು. ಸಂಜೆ ಐದೂವರೆಗೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿ, ಪ್ರತಿ ಅಕ್ಷರದ ಹೊಟ್ಟೆಯಲ್ಲೂ ಒಂದು ನೆರಳು ಕೂತುಕೊಳ್ಳುತ್ತದೆ. ಆಗ ಕಲ್ಲು ಓದಲು ಬರುತ್ತದೆ. ಆ ಅಕ್ಕ ಒಂದು ಅಕ್ಷರದ ಗೆರೆಯ ಮೇಲೆ ತೋರುಬೆರಳು ಇಟ್ಟು, ಶಾಲೆಯ ಮಗುವಿನ ಹಾಗೆ ನಿಧಾನವಾಗಿ ತಿದ್ದಿದರು. ಅದು 'ಸ್ವ'. ಮುಂದಿನದು 'ಸ್ತಿ'. ಸ್ವಸ್ತಿ.

"ಇದಕ್ಕೆ ಏನಂತೀರಿ?" ಅಂದೆ. "ಶಾಸನ" ಅಂದರು. "ಬೆಂಗಳೂರಲ್ಲಿ ಕೂತು ಕಾನೂನು ಮಾಡೋರಿಗೆ?" "ಶಾಸಕರು." ಹೇಳಿದವರೇ ತಡೆದು ನಿಂತರು.

ಕನ್ನಡದಲ್ಲಿ ಕಲ್ಲಿನ ಬರಹಕ್ಕೂ ಕಾನೂನಿಗೂ ಒಂದೇ ಹೆಸರು. ಏಕೆಂದರೆ ಕಲ್ಲಿನ ಬರಹವೇ ಆಗ ಕಾನೂನು. ಇಂಥ ಶಾಸನ ತೆರೆದರೆ ಮೊದಲು ದೊರೆಯ ಬಿರುದುಗಳು: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ. ಆಮೇಲೆ ಯಾರು ಯಾರಿಗೆ ಎಷ್ಟು ಮತ್ತರು ಭೂಮಿ ಕೊಟ್ಟರು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ. ಸರ್ವನಮಸ್ಯ ಅಂದರೆ ತೆರಿಗೆಯಿಲ್ಲ. ಸರ್ವಬಾಧಾಪರಿಹಾರ ಅಂದರೆ ಯಾರ ತಂಟೆಯೂ ಇಲ್ಲ. ಇವತ್ತು ಜಮೀನು ಕೊಳ್ಳುವಾಗ ಋಣಭಾರ ಇಲ್ಲದ ಪತ್ರ ಕೇಳುತ್ತೇವಲ್ಲ, ಅದೇ ಮಾತು. ಕೊನೆಗೆ ಇದನ್ನು ಅಳಿಸಿದವನಿಗೆ ಕಾಶಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ. ಕೋರ್ಟು ಇಲ್ಲದ ಕಡೆ ಶಾಪವೇ ದಂಡಸಂಹಿತೆ.

ಇನ್ನೂ ಹಿಂದಕ್ಕೆ ಹೋದರೆ ಲಕ್ಷ್ಮೇಶ್ವರದಲ್ಲಿ ಒಂದು ಶಾಸನ ಇದೆ, ಸುಮಾರು 725ರದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಅದೇ ಊರಿನ, ಅಂದರೆ ಅಂದಿನ ಪೊರಿಗೆರೆಯ, ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಅಂದರೆ ಪ್ರಜಾವರ್ಗಗಳಿಗೆ ಬರೆದುಕೊಟ್ಟದ್ದು. ಅದರ ಹೆಸರೇ 'ಆಚಾರ ವ್ಯವಸ್ಥೆ'. ರಾಜನ ಅಧಿಕಾರಿಗಳು ಊರಿನವರ ಯಾವ ಯಾವ ಸ್ವತ್ತು, ಯಾವ ಯಾವ ರೂಢಿ ಕಾಪಾಡಬೇಕು, ಮನೆಯ ಅಂತಸ್ತಿಗೆ ತಕ್ಕ ಹಾಗೆ ತೆರಿಗೆ ಎಷ್ಟು, ಸಣ್ಣ ತಪ್ಪಿನ ದಂಡ ಯಾರಿಗೆ ಸೇರುತ್ತದೆ, ಎಲ್ಲ ಅದರಲ್ಲಿದೆ. ದಾನದ ಮಾತಿಲ್ಲ, ಯುದ್ಧದ ಮಾತಿಲ್ಲ. ಆಳುವವನೂ ಊರೂ ಪರಸ್ಪರ ಹೇಗಿರಬೇಕು ಅನ್ನುವುದಷ್ಟೇ. ನಾನು ಅದನ್ನು ಕನ್ನಡ ನಾಡಿನ ಒಂದು ಪುಟ್ಟ ಸಂವಿಧಾನ ಅಂತಲೇ ಕರೆಯುತ್ತೇನೆ. ವಿದ್ವಾಂಸರು ಬೇಕಾದರೆ ತಕರಾರು ಮಾಡಲಿ.

ಆಳುವ ರೀತಿಯ ಹಳೆಯ ಬರಹಗಳ ಮಾತು ಬಂದ ಮೇಲೆ ಒಬ್ಬರ ಬಗ್ಗೆ ಹೇಳಲೇಬೇಕು: ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. 1868ರಲ್ಲಿ ಕಾವೇರಿ ದಂಡೆಯ ಆ ಹಳ್ಳಿಯಲ್ಲಿ ಹುಟ್ಟಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೆಲಸಕ್ಕಿದ್ದರು. ಹಳೆಯ ತಾಳೆಗರಿ ಬಂದರೆ ಒರೆಸಿ, ಓದಿ, ಪಟ್ಟಿ ಮಾಡುವ ಕೆಲಸ. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಗ್ರಂಥಲಿಪಿಯ ಒಂದು ಕಟ್ಟು ತಂದು ಕೊಟ್ಟು ಹೋದರು. ಶಾಸ್ತ್ರಿಗಳು ಬಿಚ್ಚಿ ಓದುತ್ತಾ ಹೋದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ! ಅಲ್ಲಿಯವರೆಗೆ ಆ ಪುಸ್ತಕ ಇತ್ತಂತೆ ಅಂತ ಬೇರೆ ಗ್ರಂಥಗಳ ಉಲ್ಲೇಖದಿಂದ ಗೊತ್ತಿತ್ತೇ ಹೊರತು ಪೂರ್ತಿ ಪಠ್ಯ ಜಗತ್ತಿನ ಕೈಯಲ್ಲಿರಲಿಲ್ಲ. 1909ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಇಂಗ್ಲಿಷಿಗೂ ತಂದರು.

ಇದೆಲ್ಲ ಬಹಳ ಜನರಿಗೆ ಗೊತ್ತು. ನನ್ನ ಮೈ ಜುಮ್ಮೆನ್ನಿಸಿದ ಸಂಗತಿ ಬೇರೆ. ಮದ್ರಾಸ್ ಪ್ರೆಸಿಡೆನ್ಸಿಯ ಕನ್ನಡ ಶಾಸನಗಳ ದೊಡ್ಡ ಸಂಪುಟವೊಂದು 1939ರಲ್ಲಿ ಬಂತು, ದಕ್ಷಿಣ ಭಾರತ ಶಾಸನಗಳ ಮಾಲೆಯ ಒಂಬತ್ತನೆಯದು. ನಮ್ಮ ಬಾಗಳಿಯ ಶಾಸನಗಳು ಅದರಲ್ಲಿವೆ. ಸಂಪಾದಕರ ಹೆಸರು ನೋಡಿದೆ: ಎನ್. ಲಕ್ಷ್ಮೀನಾರಾಯಣ ರಾವ್, ಮತ್ತು ಆರ್. ಶಾಮಾಶಾಸ್ತ್ರಿ. ಎಪ್ಪತ್ತು ದಾಟಿದ ಅದೇ ಶಾಸ್ತ್ರಿಗಳು! ರಾಜ್ಯ ಹೇಗೆ ಕಟ್ಟಬೇಕು ಅನ್ನುವ ಗ್ರಂಥವನ್ನು ಜಗತ್ತಿಗೆ ಕೊಟ್ಟ ಕಣ್ಣುಗಳೇ ನಮ್ಮೂರಿನ ಕಲ್ಲಿನ ಮತ್ತರು, ಎಲ್ಲೆ, ಸುಂಕಗಳ ಮೇಲೂ ಹರಿದಾಡಿವೆ. ಆ ಸಂಪುಟವನ್ನು ಮೊದಲ ಸಲ ತೆರೆದ ದಿನ ನಾನು ಊಟ ಮರೆತಿದ್ದೆ.

ಅರ್ಥಶಾಸ್ತ್ರದಲ್ಲಿ ರಾಜಶಾಸನ ಹೇಗೆ ಬರೆಯಬೇಕು ಅಂತಲೇ ಒಂದು ಅಧ್ಯಾಯ ಇದೆ. ಬರಹಕ್ಕೆ ಆರು ಗುಣ ಬೇಕು ಅನ್ನುತ್ತಾನೆ ಕೌಟಿಲ್ಯ. ಆರನೆಯದು ಸ್ಪಷ್ಟತೆ. ಸ್ಪಷ್ಟತೆ ಅಂದರೇನು ಅಂತ ಅವನೇ ಬಿಡಿಸಿ ಹೇಳುತ್ತಾನೆ: ಜನಕ್ಕೆ ಪರಿಚಯ ಇರುವ ಶಬ್ದವನ್ನು ಬಳಸುವುದು. ಇವತ್ತು ಗ್ರಾಮಸಭೆಯ ನೋಟಿಸಿನಲ್ಲಿ 'ಗಣಪೂರ್ತಿ' ಅಂತ ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕೋರಂ ಅಂದರೆ ಎಲ್ಲರಿಗೂ ತಿಳಿಯುತ್ತದೆ. 'ಸಾಕಷ್ಟು ಮಂದಿ' ಅಂದರೆ ಇನ್ನೂ ಚೆನ್ನ.

ನಡುವಿನ ಕಾಲವನ್ನು ಬೇಗ ದಾಟುತ್ತೇನೆ. ವಿಜಯನಗರ ಬಂತು, ಹೋಯಿತು. ಪಾಳೆಯಗಾರರು ಆಳಿದರು. ಮುಸ್ಲಿಂ ದೊರೆಗಳ ಕಚೇರಿಗಳಿಂದ ಪಾರಸಿ, ಅರಬ್ಬಿ ಮಾತುಗಳು ಬಂದವು: ಅರ್ಜಿ, ಫಿರ್ಯಾದು, ಜಾಮೀನು, ವಕೀಲ, ತಹಶೀಲ್ದಾರ್. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಬಂದು ರೈತವಾರಿ ಪದ್ಧತಿ ತಂದ. ಸರ್ಕಾರ ಬದಲಾದರೂ ಕಚೇರಿಯ ಮಾತು ಬದಲಾಗಲಿಲ್ಲ.

ಆ ಮಾತುಗಳಲ್ಲಿ ನನಗೆ ಬಲು ಪ್ರೀತಿಯದು 'ಹಕ್ಕು'. ಅರಬ್ಬಿ ಮೂಲದ್ದು. ಆದರೆ ಇದನ್ನು ಪರಭಾಷೆ ಅನ್ನುವವರು ಯಾರು? ಹೊಲದ ಬದುವಿನ ಮೇಲೆ ನಿಂತು 'ಇದು ನನ್ನ ಹಕ್ಕು' ಅಂತ ಅಣ್ಣತಮ್ಮಂದಿರು ಜಗಳವಾಡಿದ್ದಾರೆ. ಸಂವಿಧಾನ ಕನ್ನಡಕ್ಕೆ ಬಂದಾಗ 'ಮೂಲಭೂತ' ಅನ್ನುವ ಸಂಸ್ಕೃತದ ಪಕ್ಕಕ್ಕೆ ಈ ಹಕ್ಕು ಹೋಗಿ ಕೂತಿತು. 'ಕಾನೂನು' ಇನ್ನೂ ದೂರದ್ದು, ಗ್ರೀಕರ ಅಳತೆಗೋಲು ಅರಬ್ಬಿ ದಾರಿಯಲ್ಲಿ ನಮ್ಮಲ್ಲಿಗೆ ಬಂತು.

ಸಂವಿಧಾನ ಅನ್ನುವ ಮಾತಿಗೆ ಬರೋಣ. ಹಿಂದೆ ಇದಕ್ಕೆ ರಾಜ್ಯಾಂಗ ಅನ್ನುತ್ತಿದ್ದರು. ಡಿ.ವಿ. ಗುಂಡಪ್ಪನವರ ಬರಹದಲ್ಲಿ ಆ ಮಾತೇ ಇದೆ. ರಾಯದುರ್ಗದ ಕಡೆಯ ತೆಲುಗರು ಇವತ್ತಿಗೂ ರಾಜ್ಯಾಂಗಂ ಅನ್ನುತ್ತಾರೆ. ಕೌಟಿಲ್ಯನ ರಾಜ್ಯಕ್ಕೆ ಏಳು ಅಂಗ, ಸ್ವಾಮಿ, ಅಮಾತ್ಯ, ಜನಪದ ಅಂತ ಸಾಲು. ಮೊದಲ ಅಂಗವೇ ಸ್ವಾಮಿ, ಅಂದರೆ ದೊರೆ. ಈಗ ನಮಗೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಅಂಗ ಉಳಿಯಿತು, ಸ್ವಾಮಿ ಹೋದ.

ಆ ಬದಲಾವಣೆಗೆ ನಮ್ಮ ತಾಲ್ಲೂಕಿನವರೊಬ್ಬರು ಕೈ ಹಚ್ಚಿದ್ದಾರೆ. ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು ಇಲ್ಲಿಯ ಹಲುವಾಗಲಿನಲ್ಲಿ, 1902ರಲ್ಲಿ. ಚಿತ್ರದುರ್ಗದಲ್ಲಿ ವಕೀಲರಾಗಿದ್ದವರು. ಸಂವಿಧಾನ ಸಭೆಯಲ್ಲಿ ಸದಸ್ಯರಾಗಿ ಕೂತರು. ಆ ಸಭೆಗೆ ಸಲಹೆಗಾರರಾಗಿ ಮೊದಲ ಕರಡು ಸಿದ್ಧ ಮಾಡಿದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಹರಪನಹಳ್ಳಿ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. 1953ರ ಅಕ್ಟೋಬರ್ 1ಕ್ಕೆ ಮೈಸೂರು ಸೇರಿದೆವು. ಮೂರು ವರ್ಷದಲ್ಲಿ ಕರ್ನಾಟಕ ಒಂದಾದಾಗ ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿ.

ಈಗ ಆ ಅಕ್ಕನ ಪ್ರಶ್ನೆ. ವಿಧಿ ಅಂದರೆ ಇಟ್ಟದ್ದು, ಗೊತ್ತುಮಾಡಿದ್ದು. ಬ್ರಹ್ಮ ಗೊತ್ತುಮಾಡಿದ್ದು ಹಣೆಬರ. ವಿಧಾನಸೌಧದ ವಿಧಾನವೂ ವಿಧೇಯಕವೂ ಅದೇ ಬೇರಿನವು. ಸಂವಿಧಾನ ಅಂದರೆ ಕೂಡಿ ಗೊತ್ತುಮಾಡಿದ್ದು. "ನಿಮ್ಮ ಮಾತು ಸರಿ ಅಕ್ಕ, ಇದೂ ಹಣೆಬರವೇ. ಆದರೆ ಇದನ್ನ ಬರೆದೋರು ಮನುಷ್ಯರು. ನಂಬರು ಹಾಕಿದ್ದು ಎಲ್ಲಿ ತಿದ್ದಬೇಕೋ ಅಲ್ಲಿ ಬೆರಳಿಟ್ಟು ತೋರಿಸೋಕೆ" ಅಂದೆ. ತಿದ್ದುಪಡಿ ಅನ್ನುವ ಮಾತು ನೋಡಿ. ಮರಳಿನ ಮೇಲೆ ಮಗು ಅಕ್ಷರ ತಿದ್ದುತ್ತದಲ್ಲ, ಅದೇ ತಿದ್ದು. 2023ರ ಹೊತ್ತಿಗೆ 106 ಸಲ ತಿದ್ದಿದ್ದೇವೆ.

'ಸಾರ್ವಭೌಮ' ಬಿರುದಾಗಿತ್ತು, ಇಡೀ ಭೂಮಿ ಆಳುವವನಿಗೆ ಮಾತ್ರ. ಅದರ ಖಾತೆ ಈಗ ನಮ್ಮ ಹೆಸರಿಗೆ ಬದಲಾಗಿದೆ. 'ಪ್ರಜಾಪ್ರಭುತ್ವ'ದಲ್ಲಿ ಆಳಿಸಿಕೊಳ್ಳುವ ಪ್ರಜೆಯೂ ಆಳುವ ಪ್ರಭುವೂ ಒಂದೇ ಮಾತಿನೊಳಗೆ ಸೇರಿದ್ದಾರೆ. 'ಮತದಾನ' ಮಾತ್ರ ನನಗೆ ಒಗ್ಗುವುದಿಲ್ಲ. ಓಟು ಹಕ್ಕು, ಅದು ದಾನ ಹೇಗಾದೀತು? ಕಲ್ಲಿನ ದಾನ ಸೂರ್ಯಚಂದ್ರರಿರುವ ತನಕ ವಾಪಸಾಗುವುದಿಲ್ಲ. ಓಟು ಐದು ವರ್ಷಕ್ಕೆ ನಮ್ಮ ಕೈಗೇ ಬರಬೇಕು. ಮತ ಚಲಾಯಿಸುವುದು ಅನ್ನೋಣ.

1976ರ 42ನೇ ತಿದ್ದುಪಡಿಯಲ್ಲಿ ಸೇರಿದ 'ಸೆಕ್ಯುಲರ್' ಅನ್ನುವ ಮಾತಿಗಂತೂ ಕನ್ನಡ ಇನ್ನೂ ಹುಡುಕುತ್ತಿದೆ: ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ. ಒಂದು ಜಾತಿ ದಾಟಿ ಅನ್ನುತ್ತದೆ, ಇನ್ನೊಂದು ಧರ್ಮದ ಹಂಗು ಬೇಡ ಅನ್ನುತ್ತದೆ, ಮತ್ತೊಂದು ಎಲ್ಲವನ್ನೂ ಸಮವಾಗಿ ಕಾಣು ಅನ್ನುತ್ತದೆ. ಮೂರೂ ಬೇರೆ ಬೇರೆ ದಾರಿ. ನನಗೆ ಮೂರೂ ಬೇಕು.

'ಸುಗ್ರೀವಾಜ್ಞೆ' ಕೇಳಿದರೆ ಹಿಗ್ಗುತ್ತೇನೆ. ಸದನ ನಡೆಯದಿದ್ದಾಗ ರಾಷ್ಟ್ರಪತಿಯೋ ರಾಜ್ಯಪಾಲರೋ ಹೊರಡಿಸುವ ಕಾನೂನಿಗೆ ಕನ್ನಡಿಗರು ಕಿಷ್ಕಿಂಧೆಯ ಹೆಸರಿಟ್ಟರು. ಆ ಕಿಷ್ಕಿಂಧೆ ಆನೆಗೊಂದಿಯ ಹತ್ತಿರ, ನಮಗೆ ನೆರೆಮನೆ. ತಿಂಗಳೊಳಗೆ ಸೀತೆಯ ಸುದ್ದಿ ತರದ ಕಪಿಗೆ ಸಾವು ಅಂದಿದ್ದ ಸುಗ್ರೀವ. ಅಲ್ಲಿ ಗಡುವು ಪ್ರಜೆಯ ಕುತ್ತಿಗೆಗೆ. ನಮ್ಮ ಸಂವಿಧಾನದಲ್ಲಿ ಗಡುವು ಆಜ್ಞೆಯ ಕುತ್ತಿಗೆಗೇ. ಸದನ ಮತ್ತೆ ಸೇರಿ ಒಪ್ಪದಿದ್ದರೆ ಆರು ವಾರಕ್ಕೆ ಅದರ ಆಯುಸ್ಸು ತೀರುತ್ತದೆ.

'ಪ್ರಸ್ತಾವನೆ' ನಾಟಕದಿಂದ ಬಂದ ಮಾತು. ನಮ್ಮ ಕಡೆ ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ತಡೆದು ತಾವು ಯಾರು, ಬಂದ ಕಾರಣವೇನು ಅಂತ ಕೇಳುತ್ತಾನೆ. ಪಾತ್ರಧಾರಿ ಎದೆಯುಬ್ಬಿಸಿ ಹೆಸರು ಹೇಳುತ್ತಾನೆ. ಶಾಸನದಲ್ಲಿ ಹಾಗೆ ಹೆಸರು ಹೇಳಿಕೊಂಡವನು ಪೃಥ್ವೀವಲ್ಲಭ. ಸಂವಿಧಾನದ ಪ್ರಸ್ತಾವನೆಯಲ್ಲಿ ಬಿರುದಿಲ್ಲದೆ ಬಂದು ನಿಂತವರು ನಾವು.

ಆ ಸಂಜೆಯಿಂದ ಆ ಅಕ್ಕ ಪ್ರಸ್ತಾವನೆಯ ಒಂದೊಂದೇ ಮಾತು ಹಿಡಿದು ನನ್ನ ಮನೆ ಕಟ್ಟೆಗೆ ಬರುತ್ತಾರೆ. ಹೋದ ವಾರ 'ಭ್ರಾತೃತ್ವ'ದ ಸರದಿ. ಅಣ್ಣತಮ್ಮಂದಿರ ಭಾವ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೇ ಅಣ್ಣತಮ್ಮಂದಿರೇನ್ರಿ? ಅಕ್ಕತಂಗೇರು?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವರೇ ಹೇಳಿದರು, "ಒಡಹುಟ್ಟು ಅಂದ್ರೆ ಎಲ್ಲಾರೂ ಬರ್ತಾರಲ್ಲ ಮೇಷ್ಟ್ರೆ." ಆಮೇಲೆ ಮಗಳ ಪೆನ್ಸಿಲು ತರಿಸಿಕೊಂಡು, ಅಚ್ಚಾದ ಆ ಮಾತಿನ ಪಕ್ಕದ ಖಾಲಿ ಜಾಗದಲ್ಲಿ, ಒಂದೊಂದು ಅಕ್ಷರವನ್ನೂ ಎರಡೆರಡು ಸಲ ತಿದ್ದಿ, 'ಒಡಹುಟ್ಟು' ಅಂತ ಬರೆದರು.