ಸೊನ್ನೆಯನ್ನೂ ಬರೆದಿಡುವ ಹುಡುಗ

ಪತ್ರಿಕೆಗಳಲ್ಲಿ ಒಳಪುಟದ ಮೂಲೆಯಲ್ಲಿ ‘ತಿದ್ದುಪಡಿ’ ಅಂತ ಒಂದು ಸಣ್ಣ ಚೌಕ ಬರುತ್ತಲ್ಲ, ನೋಡಿರ್ತೀರಿ. ಟಿವಿಯಲ್ಲಿ ಅಂಥದ್ದು ಇಲ್ಲ. ನಾವು ಹೇಳಿದ್ದು ಗಾಳಿಗೆ ಹೋಯ್ತು, ಮರುದಿನ ಬೇರೆ ವಿಷಯ. ಇವತ್ತು ನನಗೆ ಆ ಚೌಕ ಬೇಕಾಗಿದೆ. ಮೊನ್ನೆ ಮಂಗಳವಾರ ರಾತ್ರಿ ಇದೇ ಕುರ್ಚಿಯಲ್ಲಿ ಕೂತು ನಾನೊಂದು ತಪ್ಪು ಮಾತು ಹೇಳಿದ್ದೀನಿ.

ಎಸ್ಸೆಸ್ಸೆಲ್ಸಿ ಆದ ಮೇಲೆ ಮುಂದೇನು ಅನ್ನೋ ಫೋನ್-ಇನ್ ಕಾರ್ಯಕ್ರಮ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ಒಬ್ಬ ತಾಯಿ ಲೈನಿಗೆ ಬಂದರು. “ನಮ್ಮ ಹುಡುಗ 561 ತಗೊಂಡಾನ್ರೀ. ಮುಂದ ಏನ್ ಓದ್ಸೋದ್ರಿ?” 625ಕ್ಕೆ 561. ಭೇಷ್ ಅಂದೆ. ಹುಡುಗನಿಗೇ ಫೋನ್ ಕೊಡಿ ಅಂದೆ. ಹವ್ಯಾಸ ಏನಪ್ಪಾ ಅಂತ ಕೇಳಿದೆ, ಎಲ್ಲರನ್ನೂ ಕೇಳೋ ಪ್ರಶ್ನೆ ಅದು. ಕ್ರಿಕೆಟ್ಟು, ಮೊಬೈಲ್ ಗೇಮು, ಡ್ರಾಯಿಂಗು ಅಂತ ಉತ್ತರ ಬರುತ್ತೆ. ಈ ಹುಡುಗ ಹೇಳಿದ್ದು, “ಮಳಿ ಅಳೀತೇನ್ರಿ ಸರ್.”

ನನ್ನ ಕಿವಿ ನೆಟ್ಟಗಾಯ್ತು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಬರೀತಾನಂತೆ. ಆ್ಯಂಕರ್‌ಗೆ ಇದಕ್ಕಿಂತ ಒಳ್ಳೆ ಕಾಲ್ ಸಿಗುತ್ತಾ ಹೇಳಿ? ನಾನು ಶುರು ಹಚ್ಕೊಂಡೆ. “ನೋಡಿ ವೀಕ್ಷಕರೇ, ಹಳ್ಳಿಯಲ್ಲಿ ಒಬ್ಬ ಪುಟ್ಟ ಹವಾಮಾನ ವಿಜ್ಞಾನಿ! ತಮ್ಮಾ, ನೀನು ಸೈನ್ಸೇ ತಗೋಬೇಕು. ಸೈನ್ಸ್ ತಗೊಂಡ್ರೆ ಎಲ್ಲಾ ಬಾಗಿಲೂ ತೆರೆದಿರುತ್ತೆ. ನಿನ್ನಂಥವರು ಕಾಮರ್ಸು, ಆರ್ಟ್ಸು ಅಂತ ಹೋದ್ರೆ ದೇಶಕ್ಕೇ ನಷ್ಟ.” ಸ್ಟುಡಿಯೋದಲ್ಲಿದ್ದವರು ಚಪ್ಪಾಳೆ ಹೊಡೆದರು. ಹುಡುಗ “ಹೂನ್ರಿ ಸರ್” ಅಂದ. ಅಷ್ಟೇ ಅಂದ. ನಾಲ್ಕು ನಿಮಿಷದಲ್ಲಿ ಒಂದು ಬಾಳಿಗೆ ದಾರಿ ತೋರಿಸಿದ ಖುಷಿಯಲ್ಲಿ ನಾನು ಮುಂದಿನ ಕಾಲ್‌ಗೆ ಹೋದೆ.

ನಿನ್ನೆ ಬೆಳಿಗ್ಗೆ ಆ ತಾಯಿ ಮತ್ತೆ ಕಚೇರಿಗೆ ಫೋನ್ ಮಾಡಿದ್ದರು. ವಿಷಯ ಏನಂದ್ರೆ, ಹುಡುಗನಿಗೆ ಕಾಮರ್ಸ್ ತಗೋಬೇಕು ಅಂತಿತ್ತು. ಅಪ್ಪನನ್ನ ಹದಿನೈದು ದಿನದಿಂದ ಒಪ್ಪಿಸ್ತಾ ಇದ್ದ, ಅವರೂ ಹೆಚ್ಚುಕಮ್ಮಿ ಒಪ್ಪಿದ್ದರು. ಮಂಗಳವಾರ ರಾತ್ರಿ ಅವರೂ ಟಿವಿ ಮುಂದೆ ಕೂತಿದ್ದರು. ನನ್ನ ಮಾತು ಕೇಳಿ, ದೂರದ ಊರಿನ ವಸತಿ ಕಾಲೇಜಿನಲ್ಲಿ ಸೈನ್ಸ್ ಸೀಟು ಹಿಡಿಯೋದು ಅಂತ ತೀರ್ಮಾನ ಮಾಡಿಬಿಟ್ಟರು. ಸೋಮವಾರ 25,000 ರೂಪಾಯಿ ಅಡ್ವಾನ್ಸ್ ಕಟ್ಟಬೇಕು. ಅದಕ್ಕೆ ಒಂದು ಎಮ್ಮೆ ಮಾರೋ ಮಾತೂ ಆಗಿದೆ. ಹುಡುಗ ಯಾರ ಹತ್ರಾನೂ ಮಾತಾಡ್ತಿಲ್ಲ. ತಾಯಿ ಕೊನೆಗೆ ಹೇಳಿದ್ದು ಇದು: “ಇವತ್ತ ಮುಂಜಾನಿ ಬಾಟ್ಲಿ ಕಡೆ ಹೋಗ್ಲೇ ಇಲ್ರೀ. ಎರಡ ವರ್ಷದಾಗ ಇದ ಮೊದಲ.”

ಬಾಟಲಿ ಅಂದೆನಲ್ಲ, ಅದನ್ನ ಸ್ವಲ್ಪ ಹೇಳಬೇಕು. ನಿನ್ನೆ ಮಧ್ಯಾಹ್ನ ನಾನೇ ಹುಡುಗನಿಗೆ ಫೋನ್ ಮಾಡಿದೆ, ಕ್ಯಾಮೆರಾ ಇಲ್ಲದೆ, ಅರ್ಧ ಗಂಟೆ. ಅಕ್ಕನ ಮೊಬೈಲಿಂದ ಫೋಟೊನೂ ಕಳಿಸಿದ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿ. ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿದ್ದಾನೆ. ತಳದಲ್ಲಿ ಉಬ್ಬುತಗ್ಗು ಇರುತ್ತಲ್ಲ, ಅಲ್ಲಿ ಎತ್ತರ ಸರಿಯಾಗಿ ಸಿಗಲ್ಲ ಅಂತ ಒಂದಿಷ್ಟು ಸಿಮೆಂಟ್ ಹಾಕಿ ಮಟ್ಟ ಮಾಡಿದ್ದಾನೆ. ಹೊರಗೆ ಸ್ಕೇಲ್ ಅಂಟಿಸಿದ್ದಾನೆ. ಬಿಸಿಲಿಗೆ ನೀರು ಆವಿಯಾಗದಿರಲಿ ಅಂತ ಒಂದೆರಡು ಹನಿ ಎಣ್ಣೆ. ಮರ, ಗೋಡೆ ಯಾವುದೂ ಅಡ್ಡ ಬರದ ಹಾಗೆ ಕಣದ ನಡುವೆ ನಾಲ್ಕು ಇಟ್ಟಿಗೆ ಮಧ್ಯೆ ಇಟ್ಟಿದ್ದಾನೆ. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಇದು ನನಗೆ ಇಂಜಿನಿಯರಿಂಗ್ ಓದಿಯೂ ಥಟ್ಟನೆ ಹೊಳೆದಿರಲಿಲ್ಲ, ಅವನೇ ಹೇಳಿದ.

ಎಂಟೂವರೆನೇ ಯಾಕೆ ಅಂದೆ. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕೋದು ಬೆಳಿಗ್ಗೆ 8.30ಕ್ಕೆ, ಅದಕ್ಕೇ ಅಂದ. ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಬಂದ್ರೆ ಮಾತ್ರ ಅದು ‘ಮಳೆ ದಿನ’. ಅಂಗಳ ಎಲ್ಲಾ ಕೆಸರಾದರೂ ಬಾಟಲಿಯಲ್ಲಿ ಎರಡೇ ಇದ್ರೆ ಅದನ್ನ ಮಳೆ ದಿನ ಅಂತ ಎಣಿಸಲ್ಲ ಅಂತ ಬಹಳ ಗಂಭೀರವಾಗಿ ಹೇಳಿದ.

ಶುರು ಮಾಡಿದ್ದು 2023ರ ಜೂನ್‌ನಲ್ಲಿ. ಆ ವರ್ಷ ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿದ ವರ್ಷ. ಆ ಆಗಸ್ಟ್ ತಿಂಗಳು, ಇಡೀ ದೇಶದ ಲೆಕ್ಕದಲ್ಲಿ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ. ಹುಡುಗನ ನೋಟ್‌ಬುಕ್ಕಿನ ಆ ಪುಟದ ಫೋಟೊ ನನ್ನ ಮೊಬೈಲಿನಲ್ಲಿದೆ. 31 ಸಾಲು. ನಾಲ್ಕು ಸಾಲು ಬಿಟ್ಟರೆ ಉಳಿದದ್ದೆಲ್ಲಾ ಸೊನ್ನೆ. ಸೊನ್ನೆ, ಸೊನ್ನೆ, ಸೊನ್ನೆ. ನಾವಾಗಿದ್ರೆ ಮೂರನೇ ದಿನಕ್ಕೇ ಬಾಟಲಿ ಎಸೀತಿದ್ವಿ. ಹೊಸ ಹವ್ಯಾಸ, ಮೊದಲ ವರ್ಷವೇ ಮಳೆ ಇಲ್ಲ! “ಬೇಜಾರಾಗ್ಲಿಲ್ವಾ?” ಅಂದೆ. “ಸೊನ್ನೀನೂ ಬರೀಬೇಕಲ್ರೀ ಸರ್, ಇಲ್ಲಾಂದ್ರ ಲೆಕ್ಕ ಹೆಂಗ ಹತ್ತತೈತಿ?”

ಇಲ್ಲಿ ನನಗೆ ಸ್ವಲ್ಪ ಅನುಮಾನ ಬಂತು. ಈ ಹುಡುಗನಿಗೆ ಇಷ್ಟ ಇರೋದು ಮೋಡಾನಾ, ಲೆಕ್ಕಾನಾ?

ಕೇಳ್ತಾ ಹೋದೆ. ಮನೆಯಲ್ಲಿ ಹಾಲಿನ ಡೇರಿ ಪುಸ್ತಕ ನೋಡ್ಕೊಳ್ಳೋನು ಇವನೇ. ದಿನಕ್ಕೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ರೇಟ್ ಎಷ್ಟು. ಒಂದು ಸಲ 4.3 ಇರಬೇಕಾದ ಕಡೆ 3.4 ಅಂತ ಬಿದ್ದಿದ್ದನ್ನ ಹಿಡಿದಿದ್ದಾನೆ. ಅಂಕಿ ಅದಲುಬದಲು, ಅಷ್ಟೇ, ಯಾರದೂ ಮೋಸ ಇಲ್ಲ. ಪುಸ್ತಕ ಹಿಡ್ಕೊಂಡು ಹೋಗಿ ತೋರಿಸಿದ, ಅವರು ತಿದ್ದಿ ಬಾಕಿ ಕೊಟ್ಟರು. ಬಂದದ್ದು ಬರೀ 38 ರೂಪಾಯಿ. ಎಸ್ಸೆಸ್ಸೆಲ್ಸಿ ಅಂಕಗಳ ಬಗ್ಗೆ ಕೇಳಿದಾಗ ಒಂದೊಂದೇ ಮಾತಲ್ಲಿ ಉತ್ತರ ಕೊಟ್ಟ ಹುಡುಗ, ಈ 38 ರೂಪಾಯಿ ಕಥೆಯನ್ನ ಐದು ನಿಮಿಷ ಹೇಳಿದ. ಇನ್ನೊಂದು ಸಲ ಜೋರು ಮಳೆ ಬಂದ ದಿನ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಹಾಯವಾಣಿಗೆ ಫೋನ್ ಮಾಡಿ ತಮ್ಮ ಪಂಚಾಯಿತಿಯ ಮಳೆಮಾಪಕದ ಅಂಕಿ ಕೇಳಿದ್ದಾನೆ. ಅಲ್ಲಿ 29.5, ಇವನ ಬಾಟಲಿಯಲ್ಲಿ 31. ಅವತ್ತು ಊಟ ಸೇರಲಿಲ್ಲವಂತೆ, ಖುಷಿಗೆ.

ಮಂಗಳವಾರ ನಾನು ಕೇಳದೇ ಬಿಟ್ಟ ಪ್ರಶ್ನೆಯನ್ನ ನಿನ್ನೆ ಕೇಳಿದೆ. ಹವಾಮಾನ ವಿಜ್ಞಾನಿ ಆಗೋ ಆಸೆ ಇದೆಯಾ? “ಇಲ್ರೀ ಸರ್. ಮಳಿ ಸುಮ್ನ ಅಳೀತೇನ್ರಿ.”

ಸುಮ್ಮನೆ! ನಮ್ಮ ಮನೆಗಳಲ್ಲಿ ಇವತ್ತು ಅತ್ಯಂತ ಕಷ್ಟದಲ್ಲಿರೋ ಪದ ಇದು. ಮಗು ಸುಮ್ಮನೆ ಏನನ್ನಾದರೂ ಮಾಡಿದ್ರೆ ನಮಗೆ ಎರಡೇ ಗೊತ್ತು. ಒಂದು, “ಓದೋದು ಬಿಟ್ಟು ಇದೇನು” ಅಂತ ಕಿತ್ಕೊಳ್ಳೋದು. ಇಲ್ಲಾ, “ಟ್ಯಾಲೆಂಟ್ ಇದೆ” ಅಂತ ಕೋಚಿಂಗಿಗೆ ಸೇರಿಸೋದು. ಚೆಸ್ ಆಡಿದ್ರೆ ರೇಟಿಂಗ್ ಬೇಕು, ಹಾಡಿದ್ರೆ ರಿಯಾಲಿಟಿ ಶೋಗೆ ಕಳಿಸಬೇಕು, ರುಬಿಕ್ ಕ್ಯೂಬ್ ತಿರುಗಿಸಿದ್ರೆ ಸರ್ಟಿಫಿಕೇಟ್ ತರಬೇಕು. ಮೊದಲನೇ ತಪ್ಪನ್ನ ಬೈಯೋಕೆ ನಾವು ಟಿವಿಯವರು ಯಾವಾಗಲೂ ಮುಂದೆ. ಎರಡನೇ ತಪ್ಪನ್ನ ಮಂಗಳವಾರ ರಾತ್ರಿ ನಾನೇ ಮಾಡಿದೆ.

ನನ್ನ ಕಥೆಯನ್ನೂ ಹೇಳಿಬಿಡ್ತೀನಿ. ನಾನು ಹಾಸನದ ಕಡೆಯವನು. ಹೈಸ್ಕೂಲಲ್ಲಿ ಟೇಪ್ ರೆಕಾರ್ಡರ್ ಮುಂದೆ ಕೂತು ಆಕಾಶವಾಣಿಯವರ ಥರ ವಾರ್ತೆ ಓದೋದು ನನ್ನ ಹುಚ್ಚು. 2004ರಲ್ಲಿ ಎಸ್ಸೆಸ್ಸೆಲ್ಸಿ ಆಯ್ತು, ಪಿಸಿಎಂಬಿ ಅಂತ ತೀರ್ಮಾನ ಆಯ್ತು, ಅಪ್ಪ ಟೇಪ್ ರೆಕಾರ್ಡರನ್ನ ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಪಿಯುಸಿ, ಸಿಇಟಿ, ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್, ಆಮೇಲೆ ಈ ಕುರ್ಚಿ. ಕಾಲೇಜು ವಾರ್ಷಿಕೋತ್ಸವಗಳಿಗೆ ಕರೆದಾಗೆಲ್ಲಾ ಇದನ್ನ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೀನಿ: ಅಟ್ಟದ ಮೇಲಿಟ್ಟ ಹವ್ಯಾಸವೇ ಅನ್ನ ಕೊಟ್ಟಿತು ನೋಡಿ ಅಂತ. ಹೇಳದೇ ಬಿಟ್ಟಿದ್ದು ಏನಂದ್ರೆ, ನನ್ನ ಜೊತೆ ವಾರ್ತೆ ಓದ್ತಿದ್ದವರು ಇನ್ನೂ ಮೂವರಿದ್ದರು, ಇಬ್ಬರು ನನಗಿಂತ ಚೆನ್ನಾಗಿ ಓದ್ತಿದ್ದರು. ಅವರನ್ನ ಯಾವ ಕಾಲೇಜೂ ವೇದಿಕೆಗೆ ಕರೆಯಲ್ಲ. ನಮ್ಮ ಬೀದಿಯಲ್ಲೇ ಪಾರಿವಾಳ ಸಾಕ್ತಿದ್ದ ಗೆಳೆಯನೊಬ್ಬ ಇವತ್ತು ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರ್. ಈಗಲೂ ಪಾರಿವಾಳ ಸಾಕ್ತಾನೆ. ಅವನ ಕೆಲಸಕ್ಕೂ ಪಾರಿವಾಳಕ್ಕೂ ಏನೇನೂ ಸಂಬಂಧ ಇಲ್ಲ. ಸಂಜೆ ಡ್ಯೂಟಿ ಮುಗಿಸಿ ತಾರಸಿ ಹತ್ತಿದಾಗ ಅವನ ಮುಖ ನೋಡಬೇಕು ನೀವು.

ಅನಿಲ್ ಕುಂಬ್ಳೆ ಇಂಜಿನಿಯರಿಂಗ್ ಓದ್ಕೊಂಡೇ ಕ್ರಿಕೆಟ್ ಆಡಿದ್ರು, ಟೆಸ್ಟ್‌ನಲ್ಲಿ 619 ವಿಕೆಟ್ ತೆಗೆದ್ರು ಅಂತ ಎಲ್ಲಾ ಪೋಷಕರಿಗೂ ಗೊತ್ತು. ಪ್ರವಾಸದುದ್ದಕ್ಕೂ ಅವರ ಜೊತೆ ಕ್ಯಾಮೆರಾ ಇರ್ತಿತ್ತು, ಕ್ಲಿಕ್ಕಿಸಿದ ಚಿತ್ರಗಳು ಮುಂದೆ ಪುಸ್ತಕವೂ ಆದವು ಅನ್ನೋದನ್ನ ಎಷ್ಟು ಜನ ಮಕ್ಕಳಿಗೆ ಹೇಳ್ತೀವಿ? ಆ ಕ್ಯಾಮೆರಾದಿಂದ ಒಂದು ವಿಕೆಟ್ಟೂ ಬರಲಿಲ್ಲ. ತೇಜಸ್ವಿಯವರು ಕನ್ನಡ ಎಂಎ ಮಾಡಿ ಮೂಡಿಗೆರೆಯಲ್ಲಿ ಕಾಫಿ ಬೆಳೀತಾ, ಹಕ್ಕಿ ಫೋಟೊ ತೆಗೀತಾ, ಮೀನು ಹಿಡೀತಾ ಇದ್ದರು. ಯಾವುದು ವೃತ್ತಿ, ಯಾವುದು ಹವ್ಯಾಸ ಅಂತ ವಿಂಗಡಿಸಿ ಕೊಡಿ ಅಂದ್ರೆ ನಮ್ಮ ಕರಿಯರ್ ಕೌನ್ಸೆಲರ್‌ಗಳು ಕಂಗಾಲಾಗ್ತಾರೆ.

ಸರಿ, ಬಾಗಿಲಿನ ಮಾತಿಗೆ ಬರ್ತೀನಿ, ಯಾಕಂದ್ರೆ ಆ ಮಾತು ಪೂರ್ತಿ ಸುಳ್ಳಲ್ಲ. ಪಿಯುಸಿಯಲ್ಲಿ ಸೈನ್ಸ್ ಓದಿದವನು ನಾಳೆ ಬಿಕಾಂಗೆ ಹೋಗಬಹುದು. ಕಾಮರ್ಸ್ ಓದಿದವನು ಸಿಇಟಿ ಬರೆದು ಇಂಜಿನಿಯರಿಂಗ್‌ಗೆ ಹೋಗಲಾರ. ಇದು ನಿಜ. ಇದನ್ನ ಹುಡುಗನಿಗೆ ಮುಚ್ಚುಮರೆ ಇಲ್ಲದೆ ಹೇಳಿದ್ದೀನಿ. ಆದರೆ ತೆರೆದಿರೋ ಆ ಬಾಗಿಲಿಗೂ ಬೆಲೆ ಇದೆ ಸ್ವಾಮಿ, ಅದನ್ನ ನಾನು ಮಂಗಳವಾರ ಹೇಳಲಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಪಿಯುಸಿ ಅಂಕ. ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಒಂದೊಂದಕ್ಕೂ 60 ಪ್ರಶ್ನೆ. ಆ 180 ಅಂಕಕ್ಕೋಸ್ಕರ ಎರಡು ವರ್ಷ ಬೆಳಗಿನ ಜಾವ ಎದ್ದು ಕೂರಬೇಕಾದವನು ಹುಡುಗ, ನಾನಲ್ಲ. ಬೇಕು ಅಂತ ಕೂರೋನಿಗೆ ಅದು ಓದು. ಬೇಡ ಅಂತ ಕೂರೋನಿಗೆ ಅದು ಜೈಲು. ನಾನು ಅದರೊಳಗೆ ಎರಡು ವರ್ಷ ಇದ್ದು ಬಂದವನು, ಕೆಮಿಸ್ಟ್ರಿ ಲ್ಯಾಬಿನ ವಾಸನೆ ಈಗಲೂ ಕನಸಲ್ಲಿ ಬರುತ್ತೆ.

ಇನ್ನು ಕಾಮರ್ಸ್ ಅಂದ್ರೆ ಮಾರ್ಕ್ಸ್ ಬರದವರು ಸೇರೋದು ಅನ್ನೋ ಕಾಲ ಮುಗಿದು ಎಷ್ಟೋ ದಿನ ಆಯ್ತು. ಪಿಯುಸಿ ಕಾಮರ್ಸ್‌ನಲ್ಲೇ ಅಕೌಂಟೆನ್ಸಿ ಜೊತೆ ಸ್ಟ್ಯಾಟಿಸ್ಟಿಕ್ಸ್ ತಗೋಬಹುದು, ಕಂಪ್ಯೂಟರ್ ಸೈನ್ಸ್ ತಗೋಬಹುದು. ಹತ್ತನೇ ತರಗತಿ ಆದ ಮೇಲೆ ಸಿಎ ಫೌಂಡೇಷನ್‌ಗೆ ಹೆಸರು ನೋಂದಾಯಿಸಿ, ಪಿಯುಸಿ ಮುಗಿಸಿ ಪರೀಕ್ಷೆ ಬರೆಯಬಹುದು. ಇಷ್ಟು ಹೇಳಿ ನಾನು, “ಹಾಗಿದ್ರೆ ಸಿಎ ಆಗ್ತೀಯಾ?” ಅಂದೆ. ನೋಡಿ ನನ್ನ ಬುದ್ಧಿ! ವಿಜ್ಞಾನಿ ಟೋಪಿ ತೆಗೆದು ಸಿಎ ಟೋಪಿ ಹಾಕೋಕೆ ಹೊರಟೆ. ಹುಡುಗ ಹೇಳಿದ, “ಗೊತ್ತಿಲ್ರೀ ಸರ್. ಎರಡ ವರ್ಷ ಓದಿ ನೋಡ್ತೇನ್ರಿ.” ಹದಿನಾರು ವರ್ಷದವನಿಂದ ಇದಕ್ಕಿಂತ ಪ್ರಾಮಾಣಿಕ ಉತ್ತರ ನಿರೀಕ್ಷೆ ಮಾಡೋಕೆ ಆಗಲ್ಲ.

ಸಂಜೆ ತಂದೆಯವರ ಹತ್ರ ಮಾತಾಡಿದೆ. ತಪ್ಪು ನನ್ನದು, ಹುಡುಗ ಹೇಳೋದನ್ನ ಒಂದು ಸಲ ಪೂರ್ತಿ ಕೇಳಿ ಅಂದೆ. ಅವರು ಸಿಟ್ಟು ಮಾಡ್ಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, “ಸೈನ್ಸ್ ಕೊಡಸ್ರಿ ಅಂತ ನೀವ ಟಿವ್ಯಾಗ ಹೇಳಿದ್ರಿ. ಊರ ಮಂದೆಲ್ಲಾ ನೋಡ್ಯಾರ. ಈಗ ನಾ ಕಾಮರ್ಸ್ ಕೊಡಸಿದ್ರ, ರೊಕ್ಕ ಉಳಸಾಕ ಮಗನ ಬಾಳೇ ಹಾಳ ಮಾಡ್ದ ಅಂತಾರ. ಫೋನಿನ್ಯಾಗ ಹೇಳಿದ್ರ ಯಾರಿಗೆ ಕೇಳತೈತ್ರಿ? ಟಿವ್ಯಾಗ ಹೇಳ್ರಿ ಮತ್ತ.”

ಅದಕ್ಕೇ ಇವತ್ತಿನ ಈ ಮಾತು. ಯಜಮಾನ್ರೇ, ನಿಮ್ಮ ಊರಿನವರೂ ನೋಡ್ತಿದ್ದಾರೆ ಅಂತ ಅಂದ್ಕೊಂಡಿದ್ದೀನಿ. ಮಂಗಳವಾರ ನಾನು ಹೇಳಿದ್ದು ತಪ್ಪು. ನಿಮ್ಮ ಮಗನ ಬಗ್ಗೆ ನಾಲ್ಕು ನಿಮಿಷದಲ್ಲಿ ನನಗೆ ಏನೂ ಗೊತ್ತಾಗಿರಲಿಲ್ಲ. ಅವನು ಕಾಮರ್ಸ್ ಓದಿದ್ರೆ ದೇಶಕ್ಕೆ ಯಾವ ನಷ್ಟವೂ ಇಲ್ಲ. ರೊಕ್ಕ ಉಳಿಸೋಕೆ ಹೀಗೆ ಮಾಡಿದ್ರಿ ಅಂತ ಯಾರಾದ್ರೂ ಅಂದ್ರೆ ಈ ವಿಡಿಯೋ ತೋರಿಸಿ. ಸೋಮವಾರ ಏನು ಮಾಡೋದು ಅನ್ನೋದು ನಿಮ್ಮ ಮನೆಯ ಮಾತು, ನಾನು ಇನ್ನು ಬಾಯಿ ಹಾಕಲ್ಲ.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ಮೊಬೈಲಿಂದ ಇನ್ನೊಂದು ಫೋಟೊ ಬಂತು, ನೋಟ್‌ಬುಕ್ಕಿನ ಈ ತಿಂಗಳ ಪುಟ. ಆ ಕಡೆ ಕೃತ್ತಿಕಾ ಮಳೆ ಚೆನ್ನಾಗಿ ಹಿಡಿದಿದೆ. ನಿನ್ನೆ ಬಾಟಲಿ ಕಡೆ ಹೋಗಿರಲಿಲ್ಲವಲ್ಲ, ಆ ತಾರೀಖಿನ ಎದುರು ಸೊನ್ನೆ ಬರೆದಿಲ್ಲ. ‘ನೋಡಿಲ್ಲ’ ಅಂತ ಬರೆದಿದ್ದಾನೆ. ಇವತ್ತಿನ ತಾರೀಖಿನ ಎದುರು 17 ಮಿಲಿಮೀಟರ್. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ‘ಎರಡು ದಿನದ್ದು’.