ಸಂಶೋಧನೆಯ ಅನುದಾನ ಮತ್ತು ಮನುಷ್ಯನ ಘನತೆ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೊಸ ಔಷಧಿಯೊಂದು ಮಾರುಕಟ್ಟೆಗೆ ಬಂದಾಗ ನಾವು ಅದರ ಬೆಲೆಯನ್ನು ವಿಚಾರಿಸುತ್ತೇವೆ. ಆದರೆ ಅದರ ಹಿಂದೆ ಹಲವು ವರ್ಷಗಳ ಮೂಲ ಸಂಶೋಧನೆಯಿದೆ, ಅದಕ್ಕೆ ಯಾರೋ ಹಣ ಕೊಟ್ಟಿದ್ದಾರೆ, ಇನ್ನಾರೋ ತಮ್ಮ ದೇಹವನ್ನೇ ಪರೀಕ್ಷೆಗೆ ಒಪ್ಪಿಸಿದ್ದಾರೆ ಎಂಬುದನ್ನು ಯೋಚಿಸುವುದಿಲ್ಲ.

ಮೂಲ ಸಂಶೋಧನೆ ಎಂದರೇನು? ರೋಗಕ್ಕೆ ಮದ್ದು ಹುಡುಕುವುದು ಅದರ ನೇರ ಗುರಿಯಲ್ಲ. ನೆನಪು ಮೆದುಳಿನಲ್ಲಿ ಹೇಗೆ ಉಳಿಯುತ್ತದೆ, ನಿದ್ದೆಗೆಟ್ಟಾಗ ದೇಹದಲ್ಲಿ ಏನಾಗುತ್ತದೆ, ನೋವು ಅರಿವಿಗೆ ಬರುವ ಬಗೆ ಯಾವುದು ಎಂಬಂತಹ ಪ್ರಶ್ನೆಗಳಿಗೆ ಅದು ಉತ್ತರ ಹುಡುಕುತ್ತದೆ. ಇವುಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ ಇಲಿಯಿಂದ ಉತ್ತರ ದೊರೆಯದು, ಮನುಷ್ಯನೇ ಬೇಕು. ಲಾಭ ಕಣ್ಣಿಗೆ ಕಾಣದ ಕಾರಣ ಕಂಪೆನಿಗಳು ಇದಕ್ಕೆ ಹಣ ಹೂಡಲು ಹಿಂಜರಿಯುತ್ತವೆ. ಆದ್ದರಿಂದ ಸರಕಾರ ಮತ್ತು ದಾನಿಗಳ ಅನುದಾನವೇ ಇದರ ಜೀವಾಳ.

ಆದರೆ ಹಣ ಸರಕಾರದ್ದು ಎಂದ ಮಾತ್ರಕ್ಕೆ ನ್ಯಾಯ ತಾನಾಗಿ ಬರುತ್ತದೆಯೇ? ಅಮೆರಿಕದ ಟಸ್ಕೀಗಿಯ ಇತಿಹಾಸವನ್ನು ನೋಡಿ. 1932ರಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯು ಅಲಬಾಮ ರಾಜ್ಯದ ಸುಮಾರು 600 ಬಡ ಕಪ್ಪು ಜನರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. ಚಿಕಿತ್ಸೆ ಇಲ್ಲದಿದ್ದರೆ ರೋಗ ಹೇಗೆ ಬೆಳೆಯುತ್ತದೆ ಎಂದು ತಿಳಿಯುವುದಷ್ಟೇ ಉದ್ದೇಶವಾಗಿತ್ತು. ‘ನಿಮ್ಮ ರಕ್ತ ಕೆಟ್ಟಿದೆ’ ಎಂದು ಅವರಿಗೆ ಹೇಳಲಾಯಿತು. ಊಟ ಮತ್ತು ಶವಸಂಸ್ಕಾರದ ಖರ್ಚಿನ ಆಸೆ ತೋರಿಸಲಾಯಿತು. 1940ರ ದಶಕದಲ್ಲಿ ಪೆನಿಸಿಲಿನ್ ಲಭ್ಯವಾದ ಬಳಿಕವೂ ಅವರಿಗೆ ಅದನ್ನು ನೀಡಲಿಲ್ಲ. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆದ ನಂತರವೇ ಅದು ನಿಂತಿತು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ಸತ್ತು ಹೋಗಿದ್ದರು.

ಈ ಪ್ರಕರಣದ ಬಳಿಕ ಅಮೆರಿಕ 1974ರಲ್ಲಿ ಕಾನೂನು ಮಾಡಿತು. 1979ರ ಬೆಲ್ಮಾಂಟ್ ವರದಿಯು ವ್ಯಕ್ತಿಗೆ ಗೌರವ, ಹಿತ ಮತ್ತು ನ್ಯಾಯ ಎಂಬ ಮೂರು ತತ್ವಗಳನ್ನು ಮುಂದಿಟ್ಟಿತು.

ಅಲ್ಲಿನ ಇತ್ತೀಚಿನ ಚರ್ಚೆಯೊಂದೂ ಗಮನಾರ್ಹ. ಅನುದಾನ ನೀಡುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2014ರಲ್ಲಿ ‘ಕ್ಲಿನಿಕಲ್ ಟ್ರಯಲ್’ ಎಂಬುದರ ವ್ಯಾಖ್ಯೆಯನ್ನು ವಿಸ್ತರಿಸಿತು. ಅದರಿಂದ ಮನುಷ್ಯರ ಮೇಲಿನ ಅನೇಕ ಮೂಲ ಪ್ರಯೋಗಗಳೂ ನೋಂದಣಿ ಮತ್ತು ಫಲಿತಾಂಶ ವರದಿಯ ನಿಯಮಗಳೊಳಗೆ ಬಂದವು. ನೆನಪಿನ ಶಕ್ತಿಯ ಅಧ್ಯಯನವನ್ನು ಔಷಧ ಪರೀಕ್ಷೆಯ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು 2017ರಲ್ಲಿ ಸಾವಿರಾರು ವಿಜ್ಞಾನಿಗಳು ಆಕ್ಷೇಪಿಸಿದರು. 2018ರಲ್ಲಿ ಸಂಸತ್ತು ಮಧ್ಯಪ್ರವೇಶಿಸಿತು. ಅದೇ ವರ್ಷ ಇಂತಹ ಸಂಶೋಧನೆಗೆ ಪ್ರತ್ಯೇಕ ಅನುದಾನ ಪ್ರಕಟಣೆಗಳು ಹೊರಟವು ಮತ್ತು ನಿಯಮಗಳು ಸಡಿಲಗೊಂಡವು. ವಿಜ್ಞಾನಿಗಳ ಮಾತಿನಲ್ಲಿ ಹುರುಳಿತ್ತು. ಆದರೆ ಸಂಸ್ಥೆಯ ಕಾಳಜಿಯೂ ಕ್ಷುಲ್ಲಕವಲ್ಲ. ಜನರು ಸಮಯ ಮತ್ತು ರಕ್ತ ಕೊಟ್ಟ ಪ್ರಯೋಗದ ಫಲಿತಾಂಶ ಕಪಾಟಿನಲ್ಲಿ ಕೊಳೆಯಬಾರದು. ಅದು ಅವರಿಗೆ ತೀರಿಸಬೇಕಾದ ಋಣ.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ನೈತಿಕ ಮಾರ್ಗಸೂಚಿಗಳನ್ನು ಪ್ರಕಟಿಸಿತು. 2019ರ ನಿಯಮಗಳು ಇಂತಹ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ನೋಂದಣಿಯನ್ನು ಕಡ್ಡಾಯಗೊಳಿಸಿದವು. ಸಮಿತಿಯಲ್ಲಿ ವೈದ್ಯರು ಮಾತ್ರವಲ್ಲ, ಕಾನೂನು ತಜ್ಞರೂ ಜನಸಾಮಾನ್ಯರ ಪ್ರತಿನಿಧಿಯೂ ಇರಬೇಕು. ಕಾನೂನು ಇದೆ. ಆದರೆ ಅದನ್ನು ಬಳಸಿಕೊಳ್ಳುವ ಅರಿವು ನಮ್ಮ ಮನೆಗಳಲ್ಲಿದೆಯೇ?

ಶಿಬಿರದಲ್ಲಿ ರಕ್ತ ತೆಗೆದರೆ ಅದನ್ನು ಚಿಕಿತ್ಸೆಯೆಂದೇ ಭಾವಿಸುವವರು ನಮ್ಮಲ್ಲಿ ಬಹಳ ಮಂದಿ. ಮೂಲ ಸಂಶೋಧನೆಯಲ್ಲಿ ಭಾಗವಹಿಸಿದವರಿಗೆ ಹೆಚ್ಚಾಗಿ ನೇರ ಪ್ರಯೋಜನವಿರುವುದಿಲ್ಲ. ಅದನ್ನು ಮೊದಲೇ ಸ್ಪಷ್ಟವಾಗಿ ಹೇಳುವುದು ಸಂಶೋಧಕರ ಹೊಣೆ. ಆದ್ದರಿಂದ ಸಹಿ ಹಾಕುವ ಮೊದಲು ಕೇಳಿರಿ: ಇದು ಚಿಕಿತ್ಸೆಯೋ, ಅಧ್ಯಯನವೋ? ಹಣ ಯಾರದ್ದು? ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ತೊಂದರೆಯಾದರೆ ಪರಿಹಾರ ಯಾರು ಕೊಡುತ್ತಾರೆ? ನಡುವೆ ಬಿಟ್ಟು ಬರಬಹುದೇ? ಒಪ್ಪಿಗೆ ಪತ್ರ ನಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿಯ ಮುಂದೆ ಓದಿ ಹೇಳಬೇಕು. ಇದು ಯಾರ ಔದಾರ್ಯವೂ ಅಲ್ಲ, ನಮ್ಮ ಹಕ್ಕು.

ಹಾಗೆಂದು ಭಯಪಟ್ಟು ಬಾಗಿಲು ಮುಚ್ಚಿಕೊಳ್ಳುವುದು ಪರಿಹಾರವೇ? ಖಂಡಿತ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ನಡುವೆ ವಯಸ್ಸಾದಂತೆ ಮೆದುಳು ಹೇಗೆ ಬದಲಾಗುತ್ತದೆ ಎಂಬ ದೀರ್ಘಕಾಲೀನ ಅಧ್ಯಯನವನ್ನು ಕೈಗೊಂಡಿದೆ. ಪಾಶ್ಚಾತ್ಯರ ಮೆದುಳನ್ನು ಅಳೆದು ನಮ್ಮ ಹಿರಿಯರ ಮರೆವಿಗೆ ಮದ್ದು ಹುಡುಕಲಾಗದು. ಯಾವ ಸಮುದಾಯ ಸಂಶೋಧನೆಯಿಂದ ಪೂರ್ತಿ ದೂರ ನಿಲ್ಲುತ್ತದೋ, ಅದರ ನೋವು ಲೆಕ್ಕದಿಂದಲೂ ಹೊರಗೆ ಉಳಿಯುತ್ತದೆ.

2023ರಲ್ಲಿ ಸಂಸತ್ತು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆಯನ್ನು ಅಂಗೀಕರಿಸಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯ ಅಂದಾಜು ಪ್ರಕಟವಾಯಿತು. ಅದರಲ್ಲಿ ಹೆಚ್ಚಿನ ಪಾಲು ಸರಕಾರೇತರ ಮೂಲಗಳಿಂದ ಬರಬೇಕೆಂಬುದು ಯೋಜನೆ. ದಾನಿಗಳ ಪಾಲು ಹೆಚ್ಚಿದಷ್ಟೂ ನಿಗಾ ಹೆಚ್ಚಬೇಕು. ಅನುದಾನದ ಅರ್ಜಿಯಲ್ಲಿ ಯಂತ್ರದ ಬೆಲೆಯ ಜೊತೆಗೆ ಭಾಗವಹಿಸುವವರ ಪ್ರಯಾಣ, ಕಳೆದುಕೊಂಡ ದಿನಗೂಲಿ ಮತ್ತು ಹಾನಿಯಾದರೆ ಕೊಡುವ ಪರಿಹಾರಕ್ಕೂ ಹಣವಿರಬೇಕು.

ಬಂಧುಗಳೇ, ನಮ್ಮ ಮಕ್ಕಳು ವೈದ್ಯರೂ ಇಂಜಿನಿಯರರೂ ಆಗಲೆಂದು ನಾವು ಬಯಸುತ್ತೇವೆ. ಕೆಲವರಾದರೂ ಸಂಶೋಧಕರಾಗಲಿ. ಕೆಲವರು ನೈತಿಕ ಸಮಿತಿಗಳಲ್ಲಿ ಜನಸಾಮಾನ್ಯರ ದನಿಯಾಗಲಿ. ಪ್ರಶ್ನಿಸಲು ಬಲ್ಲ ಸಮುದಾಯವನ್ನು ವಂಚಿಸುವುದು ಸುಲಭವಲ್ಲ, ಜ್ಞಾನಕ್ಕೆ ಪಾಲು ಕೊಟ್ಟ ಸಮುದಾಯವನ್ನು ಕಡೆಗಣಿಸುವುದೂ ಸುಲಭವಲ್ಲ.